ಬ್ರಹ್ಮಾವರದ ಕಡೆಯ ಒಂದು ವೇಷದ ಮನೆ: ಮೂರು ವರ್ಷಗಳ ಅನುಭವ

ಪ್ರೌಢಶಾಲೆಯಲ್ಲಿ ಯಕ್ಷಗಾನ ಕಲಿಯುವ ಮಕ್ಕಳ ತಂದೆತಾಯಂದಿರು ನವೆಂಬರ್ ಬಂತೆಂದರೆ ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ, ಈ ಸಲ ವೇಷ ಯಾರದ್ದು ಎಂಬುದು. ಭಾಗವತಿಕೆಗೆ, ಅಂದರೆ ಹಾಡಿಕೆಗೆ ಯಾರು, ಚಂಡೆ ಮದ್ದಳೆಗೆ ಯಾರು ಎಂಬುದನ್ನೆಲ್ಲ ಗುರುಗಳು ನೋಡಿಕೊಳ್ಳುತ್ತಾರೆ. ವೇಷಭೂಷಣದ ಬಾಡಿಗೆ, ಅದರ ಸಾಗಾಟ, ಬಣ್ಣ ಹಚ್ಚುವವರ ಊಟ ಇತ್ಯಾದಿ ಪೋಷಕರ ಸಮಿತಿಯ ಕೊರಳಿಗೆ ಬೀಳುತ್ತವೆ. ನಾಲ್ಕು ವರ್ಷ ಆ ಸಮಿತಿಯಲ್ಲಿದ್ದು, ಅದರಲ್ಲಿ ಮೂರು ವರ್ಷ ಒಂದೇ ಮನೆಯಿಂದ ವೇಷ ತರಿಸಿದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ. ಕೊರತೆಗಳನ್ನೂ ಹೇಳಬೇಕಾಗಿರುವುದರಿಂದ, ಮತ್ತು ಆ ಮನೆಯ ಯಜಮಾನರೇ "ಹೆಸ್ರೆಲ್ಲ ಎಂತಕೆ ಮೆನೇಜ್ರೆ, ಬಪ್ಪೋರ್ ಹ್ಯಾಂಗೂ ಬತ್ರ್" ಎಂದಿರುವುದರಿಂದ ಹೆಸರು ಹಾಕಿಲ್ಲ. ಉಡುಪಿ ಜಿಲ್ಲೆಯ ಬ್ರಹ್ಮಾವರದಿಂದ ಒಳಕ್ಕೆ ಹೋಗುವ ರಸ್ತೆಯಲ್ಲಿ ಒಂದು ಹೆಂಚಿನ ಮನೆ, ಫಲಕವಿಲ್ಲ ಎಂದಷ್ಟೇ ಹೇಳಬಲ್ಲೆ.

ನಾನು ಸಹಕಾರಿ ಸಂಘವೊಂದರಲ್ಲಿ ಕೆಲಸ ಮಾಡುವವನು. ಲೆಕ್ಕ ನೋಡುವುದು, ತೂಕ ನೋಡುವುದು ಅಭ್ಯಾಸವಾಗಿ ಹೋಗಿದೆ. ಆದರೆ ಈ ವಿಮರ್ಶೆಯ ನಡುವೆ ನನ್ನ ಮಗಳು ಇದ್ದಾಳೆ, ಮಗಳ ವಿಷಯ ಬಂದಾಗ ನನ್ನ ತಕ್ಕಡಿ ಒಂದು ಕಡೆಗೆ ವಾಲುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಓದುವವರು ಅಷ್ಟನ್ನು ಕಳೆದು ಓದಬೇಕು.

ಈ ಮನೆಯನ್ನು ಹುಡುಕಿಕೊಂಡು ಹೋಗುವಂತೆ ಮಾಡಿದ್ದು 2022ರ ಡಿಸೆಂಬರಿನ ಒಂದು ರಾತ್ರಿ. ಮಗಳು ಆಗ ಏಳನೆಯ ತರಗತಿ. ಶಾಲೆಯ ವಾರ್ಷಿಕೋತ್ಸವದ ಯಕ್ಷಗಾನ ಆಟದಲ್ಲಿ ಅವಳಿಗೆ ಬಾಲಗೋಪಾಲ ವೇಷ; ಕಥೆ ಶುರುವಾಗುವ ಮೊದಲಿನ ಪೂರ್ವರಂಗದಲ್ಲಿ ಜೋಡಿಯಾಗಿ ಬಂದು ಕುಣಿದು ಹೋಗುವಂಥದ್ದು, ಮಾತಿಲ್ಲ. ವೇಷವನ್ನು ಬೇರೊಂದು ಕಡೆಯಿಂದ ತರಿಸಿದ್ದೆವು. ಬಂದ ಟ್ರಂಕುಗಳಲ್ಲಿ ಇದ್ದುದೆಲ್ಲ ದೊಡ್ಡವರ ಅಳತೆಯದು. ಕಟ್ಟುವವರು ಮೂವರು ಗಂಡಸರು, ಕಟ್ಟಿಸಿಕೊಳ್ಳುವ ಮಕ್ಕಳು ಹನ್ನೆರಡು, ವೇಷ ಕಟ್ಟುವ ಚೌಕಿಯೆಂದು ಬಿಟ್ಟುಕೊಟ್ಟದ್ದು ಕಿಟಕಿಗೆ ಪರದೆಯಿಲ್ಲದ ಒಂದು ತರಗತಿಯ ಕೋಣೆ. ದಗಲೆಯ (ಮೇಲಂಗಿಯ) ಸಡಿಲನ್ನು ಬೆನ್ನ ಹಿಂದೆ ಸೇಫ್ಟಿ ಪಿನ್ನುಗಳಲ್ಲಿ ಹಿಡಿಸಿ, ತಲೆಯ ಕಟ್ಟಿನೊಳಗೆ ಹಳೆಯ ಪತ್ರಿಕೆ ತುರುಕಿ, ಮಕ್ಕಳನ್ನು ಒಂದರ ಹಿಂದೊಂದರಂತೆ ರಂಗಸ್ಥಳಕ್ಕೆ ದೂಡಿದರು. ಕುಣಿಯುತ್ತಿದ್ದಾಗ ಒಂದು ಪಿನ್ನು ಬಿಚ್ಚಿಕೊಂಡು ಚುಚ್ಚುತ್ತಿತ್ತಂತೆ. ಅವಳು ಹೆಜ್ಜೆ ಬಿಡಲಿಲ್ಲ, ನಮಗೆ ಗೊತ್ತೂ ಆಗಲಿಲ್ಲ. ಮನೆಗೆ ಬಂದು ತಾಯಿ ಬೆನ್ನು ನೋಡಿದಾಗ ಸಾಲಾಗಿ ನಾಲ್ಕು ಕೆಂಪು ಗೀರುಗಳಿದ್ದವು. ಅಂದು ರಾತ್ರಿ ಅವಳು ಹೇಳಿದ ಮಾತು ನನಗೆ ಸರಿಯಾಗಿ ನೆನಪಿದೆ: "ಅಪ್ಪಾ, ಕುಣಿಯುದು ಬೇಕು, ವೇಷ ಬೇಡ." ಯಕ್ಷಗಾನದಲ್ಲಿ ಅದು ಸಾಧ್ಯವಿಲ್ಲದ ಮಾತು. ಅದಕ್ಕಾಗಿಯೇ ಮಗುವಿಗೆ ನೋಯದಂತೆ ವೇಷ ಕಟ್ಟುವವರು ಯಾರಿದ್ದಾರೆ ಎಂದು ವಿಚಾರಿಸತೊಡಗಿದೆ.

ವಿಚಾರಿಸಲು ತಕ್ಕ ಕಾಲ ಮಳೆಗಾಲ. ಮೇ ಕೊನೆಯ ಪತ್ತನಾಜೆ, ಅಂದರೆ ಆಟಗಳ ಋತು ಮುಗಿಯುವ ದಿನ, ವೃತ್ತಿ ಮೇಳಗಳು ಗೆಜ್ಜೆ ಬಿಚ್ಚಿದರೆ ಮತ್ತೆ ತಿರುಗಾಟಕ್ಕೆ ಹೊರಡುವುದು ದೀಪಾವಳಿ ಕಳೆದ ಮೇಲೆ. ನಡುವಿನ ತಿಂಗಳುಗಳಲ್ಲಿ ವೇಷದ ಮನೆಗಳಲ್ಲಿ ಹರಿದದ್ದನ್ನು ಹೊಲಿಯುವುದು, ಉದುರಿದ ಬೇಗಡೆಯನ್ನು, ಅಂದರೆ ಮಿನುಗುವ ತೆಳು ಹಾಳೆಯನ್ನು, ಮತ್ತೆ ಅಂಟಿಸುವುದು ನಡೆಯುತ್ತಿರುತ್ತದೆ. ಡಿಸೆಂಬರಿನಲ್ಲಿ ಹೋದರೆ ಯಾರೂ ನಿಮ್ಮ ಮುಖ ನೋಡುವುದಿಲ್ಲ. ನಾವು 2023ರ ಆಗಸ್ಟಿನಲ್ಲಿ ಹೋದಾಗ ಯಜಮಾನರು ಚಾವಡಿಯಲ್ಲಿ ಕುಳಿತು ಒಂದು ಭುಜಕೀರ್ತಿಗೆ ಕನ್ನಡಿಯ ಚೂರುಗಳನ್ನು ಕೂರಿಸುತ್ತಿದ್ದರು. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಹಗ್ಗ ಕಟ್ಟಿ ದಗಲೆಗಳನ್ನು ನೇತುಹಾಕಿದ್ದರು. ನಮ್ಮ ಕಡೆಯ ಮಳೆಯಲ್ಲಿ ವೆಲ್ವೆಟ್ ಬಟ್ಟೆಯನ್ನು ಟ್ರಂಕಿನಲ್ಲಿ ಇಟ್ಟರೆ ಹದಿನೈದು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಒಲೆಯ ಹೊಗೆಯ ಶಾಖದಲ್ಲಿ ಇಟ್ಟರೆ ಹಿಡಿಯುವುದಿಲ್ಲ. ಹೊಗೆಯ ವಾಸನೆ ಮಾತ್ರ ಉಳಿಯುತ್ತದೆ, ಅದರ ವಿಷಯ ಮುಂದೆ ಹೇಳುತ್ತೇನೆ.

ಎಷ್ಟು ವೇಷ ಬೇಕು, ಯಾವ ತಾರೀಕು ಎಂದು ಅವರು ಮೊದಲು ಕೇಳಲಿಲ್ಲ. ಪ್ರಸಂಗ ಯಾವುದು, ಯಾವ ಮಗುವಿಗೆ ಯಾವ ಪಾತ್ರ ಎಂದು ಕೇಳಿ, ಮಕ್ಕಳನ್ನು ಕರೆತರದೆ ತಾವು ಒಪ್ಪಿಕೊಳ್ಳುವುದಿಲ್ಲ ಎಂದರು. ಯಜಮಾನರು ಮೇಳದಲ್ಲಿ ಬಹುಕಾಲ ವೇಷ ಮಾಡಿ, ಮಂಡಿ ಸೋತ ಮೇಲೆ ಮನೆ ಸೇರಿದವರು. ಬಟ್ಟೆಯ ಕೆಲಸ ಪೂರ್ತಿ ಅವರ ಹೆಂಡತಿಯದು. ಮುಂದಿನ ಭಾನುವಾರ ಒಂಬತ್ತು ಮಕ್ಕಳನ್ನು ಎರಡು ರಿಕ್ಷಾದಲ್ಲಿ ಕರೆದುಕೊಂಡು ಹೋದೆವು. ತಲೆಯ ಸುತ್ತಳತೆ, ಹಣೆಯಿಂದ ಹಿಂದಲೆಯವರೆಗಿನ ಉದ್ದ, ಹೆಗಲು, ಸೊಂಟ, ಮಂಡಿಯಿಂದ ಹರಡಿನವರೆಗೆ ಹೀಗೆ ಒಂದೊಂದು ಮಗುವಿಗೂ ಟೇಪು ಹಿಡಿದರು. ಹೆಣ್ಣುಮಕ್ಕಳ ಅಳತೆಯನ್ನು ಒಳಗಿನ ಕೋಣೆಯಲ್ಲಿ ಆ ಅಮ್ಮನೇ ತೆಗೆದರು. ಎಲ್ಲವನ್ನೂ ಬರೆದುಕೊಂಡದ್ದು ಕೆಂಪು ಬಟ್ಟೆಯ ರಟ್ಟಿನ ಒಂದು ಉದ್ದ ಪುಸ್ತಕದಲ್ಲಿ. ನಮ್ಮ ಸಂಘದಲ್ಲಿ ಕಂಪ್ಯೂಟರು ಬರುವ ಮೊದಲು ಇದ್ದಂಥದ್ದೇ ಪುಸ್ತಕ, ಹಾಗೆಯೇ ಕಾಲಂಗಳು, ಕೊನೆಯಲ್ಲಿ ಷರಾ (ಟಿಪ್ಪಣಿ).

ಈ ಪುಸ್ತಕದ ಕಾರಣಕ್ಕೇ ನಾನು ಈ ಮನೆಯನ್ನು ಬೇರೆಯವರಿಗೆ ಸೂಚಿಸುತ್ತಿದ್ದೇನೆ. ಒಂದು ಮಗುವಿಗೆ ಒಂದು ಪುಟ. ಪ್ರತಿವರ್ಷ ಹೊಸದಾಗಿ ಅಳೆದು ಹಿಂದಿನ ವರ್ಷದ ಸಾಲಿನ ಕೆಳಗೆ ಬರೆಯುತ್ತಾರೆ. ಆಟ ಮುಗಿದ ಮೇಲೆ, ವೇಷ ಬಿಚ್ಚುವಾಗ ಕಂಡದ್ದನ್ನು ಷರಾದಲ್ಲಿ ಸೇರಿಸುತ್ತಾರೆ. ನನ್ನ ಮಗಳ ಪುಟದ ತಲೆಗೆ "ಮೆನೇಜ್ರ ಮಗಳು" ಎಂದು ಬರೆದಿತ್ತು. ಅದರ ಕೆಳಗೆ 2023, ಲವ, ಎತ್ತರ 4 ಅಡಿ 9½ ಅಂಗುಲ, ತಲೆ 20¾. ಷರಾದಲ್ಲಿ "ಹಣೆ ಬಿಗಿ ತಡೆಯುವುದಿಲ್ಲ, ಹೆದರುತ್ತದೆ". 2024, ವೃಷಸೇನ, 5 ಅಡಿ 1 ಅಂಗುಲ, ತಲೆ 21. ಷರಾ, "ಎಡಗಾಲಿನ ಹೆಜ್ಜೆ ಜೋರು, ಗೆಜ್ಜೆ ಎರಡು ಸುತ್ತು ಹೆಚ್ಚು ಬಿಗಿಯಬೇಕು, ಹಟ ಮಾಡುತ್ತದೆ". 2025, ಬಭ್ರುವಾಹನ, 5 ಅಡಿ 3 ಅಂಗುಲ, ತಲೆ 21¼. ಷರಾ, "ಕಣ್ಣು ತಾನೇ ಬರೆದುಕೊಳ್ಳುತ್ತಾಳೆ".

ನಮ್ಮ ಕಡೆ ಹೆಣ್ಣುಮಕ್ಕಳನ್ನು "ಅದು" ಎನ್ನುವುದು ರೂಢಿ. ಅಜ್ಜಿಯಂದಿರು ಮದುವೆಯಾದ ಮೊಮ್ಮಗಳನ್ನೂ ಹಾಗೆಯೇ ಕರೆಯುತ್ತಾರೆ, ಅದರಲ್ಲಿ ಅವಹೇಳನವೇನೂ ಇಲ್ಲ. ಯಜಮಾನರು ಎರಡು ವರ್ಷ ರೂಢಿಯಂತೆ ಬರೆದು ಮೂರನೆಯ ವರ್ಷ ಬೇರೆ ರೀತಿ ಬರೆದದ್ದು ಬೇಕೆಂದು ಬರೆದದ್ದಿರಲಾರದು. ಕೈ ತಾನಾಗಿ ಹಾಗೆ ಹೋಗಿರಬೇಕು. ಪುಸ್ತಕ ಲೆಕ್ಕ ಹಾಕಲೆಂದು ನನ್ನ ಮುಂದೆ ಬಂದಾಗ ಆ ಕ್ರಿಯಾಪದವನ್ನು ನೋಡುತ್ತ ಮೊತ್ತವನ್ನು ಎರಡು ಸಲ ತಪ್ಪಾಗಿ ಕೂಡಿಸಿದೆ. ಈ ಮೂರು ವರ್ಷಗಳಲ್ಲಿ ಅವಳು ಎಷ್ಟು ಬೆಳೆದಳು ಎಂಬುದಕ್ಕೆ ನಮ್ಮ ಮನೆಯಲ್ಲಿ ಬರೆದಿಟ್ಟ ಲೆಕ್ಕವಿಲ್ಲ. ಸಮವಸ್ತ್ರದ ಚೂಡಿದಾರ ಗಿಡ್ಡವಾದಾಗ ಹೊಸದು ಹೊಲಿಸಿದ್ದೇವೆ, ಅಷ್ಟೇ.

ಇನ್ನು ವೇಷದ ಗುಣಮಟ್ಟ. ಎದೆಕಟ್ಟು, ಭುಜಕೀರ್ತಿ, ತೋಳುಕಟ್ಟು, ಸೊಂಟದ ಡಾಬು ಇವುಗಳಲ್ಲಿ ಇವರ ಬಳಿ ಎರಡು ಬಗೆಯವು ಇವೆ. ಹಳೆಯವು ಹಗುರ ಮರದಲ್ಲಿ ಕೆತ್ತಿ, ಮೇಲೆ ಬೇಗಡೆ ಅಂಟಿಸಿ, ಕನ್ನಡಿ ಕೂರಿಸಿದವು. ಹೊಸವು ರಟ್ಟು ಮತ್ತು ಫೈಬರಿನವು. ದೂರದಿಂದ ನೋಡುವವರಿಗೆ ಹೊಸವೇ ಹೆಚ್ಚು ಮಿನುಗುತ್ತವೆ. ಆದರೆ ಹಳೆಯವು ಮೈಯ ತಿರುವಿಗೆ ಒಗ್ಗಿ ಕೂರುತ್ತವೆ, ಕುಣಿಯುವಾಗ ಟಪಟಪ ಸದ್ದು ಮಾಡುವುದಿಲ್ಲ. ಮಕ್ಕಳಿಗಾಗಿಯೇ ಚಿಕ್ಕ ಅಳತೆಯಲ್ಲಿ ಮಾಡಿಸಿದ ಐದು ಜೊತೆ ಇವರಲ್ಲಿವೆ. ಕಳೆದ ವರ್ಷ ಕುತೂಹಲಕ್ಕೆ ಮಗಳ ವೇಷದ ಟ್ರಂಕಿನಲ್ಲಿದ್ದುದನ್ನೆಲ್ಲ ನಮ್ಮ ಸಂಘದ ಪಡಿತರದ ತಕ್ಕಡಿಯಲ್ಲಿಟ್ಟು ನೋಡಿದೆ: ದಗಲೆ, ಕಚ್ಚೆಯಂತೆ ಉಡುವ ಕಸೆ ಸೀರೆ, ಆಭರಣ, ಗೆಜ್ಜೆ, ತಲೆಯ ಕಟ್ಟು ಸೇರಿ 7 ಕಿಲೋ 400 ಗ್ರಾಂ. ಅಷ್ಟನ್ನು ಹೊತ್ತು ಒಂದು ಗಂಟೆ ಕುಣಿಯಬೇಕು, ನಡುವೆ ಅರ್ಥ, ಅಂದರೆ ಪಾತ್ರದ ಮಾತು, ಹೇಳಬೇಕು. ಏದುಸಿರು ಮಾತಿನಲ್ಲಿ ಕೇಳಿಸಬಾರದು.

ನಮ್ಮ ಕಡೆಯ ಶೈಲಿಯಾದ ಬಡಗುತಿಟ್ಟಿನಲ್ಲಿ ಅಭಿಮನ್ಯು, ಬಭ್ರುವಾಹನ, ಕುಶಲವರಂಥ ಎಳೆಯ ವೀರರಿಗೆ ಕಟ್ಟುವುದು ಕೇದಗೆ ಮುಂದಲೆ ಎಂಬ ತಲೆಯ ಕಟ್ಟು. ದೊಡ್ಡ ಮುಂಡಾಸಿನ ಭಾರ ಅದಕ್ಕಿಲ್ಲ, ಆದರೆ ಜಾರದಂತೆ ನಿಲ್ಲಿಸುವುದು ಕಷ್ಟ. ಅನೇಕರು ಈಗ ಟೊಪ್ಪಿಯಂತೆ ತಲೆಗೆ ಇಟ್ಟು ಕಟ್ಟುವ ಸಿದ್ಧ ಮುಂದಲೆಯನ್ನು ಕೊಡುತ್ತಾರೆ. ಇವರು ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಅದನ್ನೇ ಕೊಡುತ್ತಾರೆ, ಮೇಲಿನವರಿಗೆ ತಲೆಯ ಮೇಲೆಯೇ ಬಟ್ಟೆ ಸುತ್ತಿ ಕಟ್ಟುತ್ತಾರೆ. ಅದಕ್ಕೆ ನಲವತ್ತು ನಿಮಿಷ ಬೇಕು. ಹಣೆಯ ಮೇಲೆ ಮೊದಲ ಪಟ್ಟಿ ಎಳೆದ ಕೂಡಲೇ ಯಜಮಾನರು ಎರಡು ಬೆರಳುಗಳನ್ನು ಪಟ್ಟಿಯ ಒಳಕ್ಕೆ ತೂರಿಸಿ ನೋಡುತ್ತಾರೆ; ಎರಡೂ ಸಲೀಸಾಗಿ ಹೋದರೆ ಸಡಿಲು, ಒಂದೂ ಹೋಗದಿದ್ದರೆ ಮಗು ಅರ್ಧ ಗಂಟೆಯಲ್ಲಿ ತಲೆ ಸುತ್ತಿ ಬೀಳುತ್ತದೆ. "ಹುಬ್ಬು ಏರ್ಸ್ ಮಗಾ" ಎನ್ನುತ್ತಾರೆ. ಹುಬ್ಬು ಏರಿಸಿದಾಗ ಪಟ್ಟಿ ಅಲುಗದೆ ಚರ್ಮ ಮಾತ್ರ ಅಲುಗಬೇಕು. ಮೊದಲ ವರ್ಷ ಸಿದ್ಧ ಮುಂದಲೆಯ ಪಟ್ಟಿ ಬಿಗಿಯುವಾಗಲೇ ಮಗಳು ನನ್ನ ಕೈ ಹಿಡಿದುಕೊಂಡಿದ್ದಳು. ಕಳೆದ ಡಿಸೆಂಬರಿನಲ್ಲಿ ಪೂರ್ತಿ ನಲವತ್ತು ನಿಮಿಷ ಬೆನ್ನು ನೆಟ್ಟಗಿಟ್ಟು ಕುಳಿತಳು. ನಾನು ಪಕ್ಕದಲ್ಲಿ ನಿಂತದ್ದನ್ನು ಕಂಡು ಕಣ್ಣಲ್ಲೇ ಆಚೆ ಹೋಗಿ ಎಂದಳು. ಹೋದೆ.

ಬಣ್ಣದ ವಿಷಯದಲ್ಲಿ ತಂದೆತಾಯಿಗಳು ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಹಿಂದಿನವರು ಬಳಸುತ್ತಿದ್ದ ಅರದಾಳ ಆರ್ಸೆನಿಕ್‌ನ ಸಂಯುಕ್ತ, ಇಂಗಳೀಕ ಪಾದರಸದ್ದು. ಎರಡೂ ಮುಖಕ್ಕೆ ಹಚ್ಚುವಂಥವಲ್ಲ. ಈ ಮನೆಯವರು ಅವುಗಳನ್ನು ಇಟ್ಟುಕೊಂಡೇ ಇಲ್ಲ. ಜಿಂಕ್ ಆಕ್ಸೈಡಿನ ಬಿಳಿ, ಅದಕ್ಕೆ ಹಳದಿ ಮತ್ತು ಕೆಂಪು ಪುಡಿ ಬೆರೆಸಿ ತೆಂಗಿನೆಣ್ಣೆಯಲ್ಲಿ ಕಲಸುತ್ತಾರೆ, ಕಣ್ಣಿಗೆ ಕಾಡಿಗೆ. ಹಿಂದಿನ ದಿನವೇ ಒಂದೊಂದು ಚಿಟಿಕೆ ಕಳುಹಿಸಿ, ಕಿವಿಯ ಹಿಂದೆ ಹಚ್ಚಿ ರಾತ್ರಿಯಿಡೀ ನೋಡಿ ಎನ್ನುತ್ತಾರೆ. 2024ರಲ್ಲಿ ನಮ್ಮ ತಂಡದ ಒಂದು ಹುಡುಗನಿಗೆ ಕೆಂಪಿನಿಂದ ತುರಿಕೆ ಬಂದುದು ಹೀಗೆ ಮೊದಲೇ ಗೊತ್ತಾಗಿ, ಅವನಿಗೆ ಬೇರೆ ಕೆಂಪು ಹಚ್ಚಿದರು.

ಇವರದೇ ಒಂದು ಕ್ರಮವೂ ಇದೆ. ಮೇಳದ ಕಲಾವಿದರು ತಮ್ಮ ಬಣ್ಣವನ್ನು ತಾವೇ ಹಚ್ಚಿಕೊಳ್ಳುತ್ತಾರೆ. ಶಾಲೆಯ ಮಕ್ಕಳಿಗೆ ಯಾರಾದರೂ ಹಚ್ಚುವುದು ವಾಡಿಕೆ. ಇಲ್ಲಿ ಒಂಬತ್ತನೆಯ ತರಗತಿಗೆ ಬಂದವರ ಕೈಗೆ ಕನ್ನಡಿ ಕೊಟ್ಟು ಕಣ್ಣು, ಹುಬ್ಬುಗಳನ್ನು ತಾವೇ ಬರೆದುಕೊಳ್ಳಲು ಬಿಡುತ್ತಾರೆ, ಕೆಟ್ಟರೆ ಒರೆಸಿ ಮತ್ತೆ ಬರೆಸುತ್ತಾರೆ. ಇದಕ್ಕೆ ಸಮಯ ಹಿಡಿಯುತ್ತದೆ, ಕೆಲವು ಪೋಷಕರು ಗೊಣಗಿದ್ದೂ ಉಂಟು. ಮಗಳು 2024ರಲ್ಲಿ ಮೂರು ಸಲ ಒರೆಸಿಕೊಂಡು ಕೊನೆಗೆ ಅಳು ಬಂದು ಕನ್ನಡಿ ಕೆಳಗಿಟ್ಟಿದ್ದಳು, ಯಜಮಾನರು ಬರೆದುಕೊಟ್ಟರು. ಆಮೇಲೆ ವರ್ಷವಿಡೀ ಮನೆಯಲ್ಲಿ ಸ್ನಾನದ ಮೊದಲು ಬಚ್ಚಲ ಕನ್ನಡಿಯ ಮುಂದೆ ಕಾಡಿಗೆ ಹಿಡಿದು ನಿಲ್ಲುವುದು ಅವಳ ಅಭ್ಯಾಸವಾಯಿತು. ಅವಳ ತಾಯಿಗೆ ಅದು ಬೇರೇನೋ ವಯಸ್ಸಿನ ಲಕ್ಷಣವೆಂದು ಕಂಡು ಸ್ವಲ್ಪ ಆತಂಕವಾಗಿತ್ತು. ಇಣುಕಿ ನೋಡಿದರೆ ಕನ್ನಡಿಯಲ್ಲಿ ವೃಷಸೇನ ನಿಂತಿದ್ದ. ಈ ಸಲ ಚೌಕಿಯಲ್ಲಿ ಚಾಪೆಯ ಮೇಲೆ ಪದ್ಮಾಸನ ಹಾಕಿ, ಎಡಗೈಯಲ್ಲಿ ಅಂಗೈಯಗಲದ ಕನ್ನಡಿ ಹಿಡಿದು, ಉಸಿರು ಬಿಗಿಹಿಡಿದು ಕಣ್ಣಿನ ಹೊರ ಅಂಚಿನಿಂದ ಕಿವಿಯ ಕಡೆಗೆ ಒಂದೇ ಎಳೆತದಲ್ಲಿ ಗೆರೆ ಎಳೆದಳು. ಎರಡನೆಯ ಕಣ್ಣಿನ ಗೆರೆ ಕೂದಲೆಳೆಯಷ್ಟು ಮೇಲಾಯಿತು. ಅದನ್ನು ಒರೆಸದೆ, ಮೊದಲನೆಯದನ್ನೇ ಸ್ವಲ್ಪ ಏರಿಸಿ ಸಮ ಮಾಡಿದಳು. ಯಜಮಾನರು ಆಚೆಯಿಂದ ನೋಡಿ ಏನೂ ಹೇಳಲಿಲ್ಲ, ಷರಾದಲ್ಲಿ ಬರೆದರು.

ಹೆಣ್ಣುಮಕ್ಕಳಿರುವ ಪೋಷಕರು ಬೇರೆಲ್ಲವನ್ನೂ ಬಿಟ್ಟು ಈ ಒಂದು ಅಂಶವನ್ನು ಗಮನಿಸಬೇಕು. ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದ ಕಲೆಯಿದು. ಹಾಗಾಗಿ ಚೌಕಿಯ ಏರ್ಪಾಡೆಲ್ಲ ಗಂಡಸರಿಗಾಗಿಯೇ ಆದದ್ದು. ಲೀಲಾವತಿ ಬೈಪಾಡಿತ್ತಾಯರಂಥವರು ದಶಕಗಳ ಹಿಂದೆಯೇ ಭಾಗವತಿಕೆಗೆ ಕುಳಿತು ದಾರಿ ಮಾಡಿಕೊಟ್ಟರು, 2023ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿಯೂ ಬಂತು. ಈಗ ಶಾಲೆಗಳಲ್ಲಿ ಕಲಿಯುವವರಲ್ಲಿ ಹೆಣ್ಣುಮಕ್ಕಳು ಧಾರಾಳವಾಗಿದ್ದಾರೆ. ಆದರೂ ವೇಷ ಕಟ್ಟಲು ಬರುವ ತಂಡಗಳಲ್ಲಿ ಹೆಂಗಸರು ಇರುವುದು ಅಪರೂಪ. ಹನ್ನೆರಡರ ಹುಡುಗಿಗೆ ಹೇಗೋ ನಡೆದೀತು. ಹದಿನೈದರ ಹುಡುಗಿಗೆ ಎದೆಕಟ್ಟು ಬಿಗಿಯುವವರು ಯಾರು, ಕಸೆ ಉಡಿಸುವವರು ಯಾರು, ತಿಂಗಳ ದಿನಗಳಲ್ಲಿ ಆಟ ಬಿದ್ದರೆ ಯಾರ ಬಳಿ ಹೇಳುವುದು ಎಂಬ ಪ್ರಶ್ನೆಗಳು ತಂದೆಯಾದವನಿಗೆ ಬಾಯಿಬಿಟ್ಟು ಕೇಳಲು ಸಂಕೋಚವಾದರೂ ಬಹಳ ಮುಖ್ಯವಾದವು. ಇಲ್ಲಿ ಆ ಅಮ್ಮ ಎರಡು ಸೀರೆಗಳನ್ನೂ ಹಗ್ಗವನ್ನೂ ತಾವೇ ತಂದು, ಚೌಕಿಯ ಒಂದು ಮೂಲೆಯನ್ನು ಮರೆ ಮಾಡಿ, ಹುಡುಗಿಯರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು ಕಟ್ಟುತ್ತಾರೆ. ಗಂಡಸರ ಎದೆಗೆಂದು ಮಾಡಿದ ಎದೆಕಟ್ಟಿನ ಕೆಳಗೆ ಹತ್ತಿಯ ಮೆತ್ತೆಯಿರುವ ಒಳ ಅಂಗಿಯೊಂದನ್ನು ಅವರೇ ಹೊಲಿದಿದ್ದಾರೆ. ಆಭರಣದ ಅಂಚು ಮೈಗೆ ಒತ್ತುವುದಿಲ್ಲ, ಹೊರಗಿನಿಂದ ವೇಷದ ಆಕಾರ ಕೆಡುವುದೂ ಇಲ್ಲ. ಮಗಳು ಮನೆಗೆ ಬಂದು ತಾಯಿಯ ಹತ್ತಿರ ಮೊದಲು ಹೇಳಿದ್ದು ಈ ಅಂಗಿಯ ವಿಷಯವನ್ನೇ. ಅವರು ಅವಳಿಗೆ "ಅಮ್ಮ" ಅಲ್ಲ, "ದೊಡ್ಡಮ್ಮ" ಆಗಿ ಎರಡು ವರ್ಷವಾಯಿತು.

ಇಷ್ಟೆಲ್ಲದಕ್ಕೆ ಪರೀಕ್ಷೆಯಾಗುವುದು ರಂಗಸ್ಥಳದ ಮೇಲೆ. ಕಳೆದ ಡಿಸೆಂಬರಿನ ಪ್ರಸಂಗ ಬಭ್ರುವಾಹನ ಕಾಳಗ. ಅಶ್ವಮೇಧದ ಕುದುರೆ ಮಣಿಪುರಕ್ಕೆ ಬರುತ್ತದೆ. ಅದನ್ನು ಕಟ್ಟಿಹಾಕಿದ ಬಭ್ರುವಾಹನ, ಕುದುರೆಯ ಬೆಂಗಾವಲಿಗೆ ಬಂದವನು ತನ್ನ ತಂದೆ ಅರ್ಜುನನೆಂದು ತಾಯಿ ಚಿತ್ರಾಂಗದೆಯಿಂದ ತಿಳಿದು ಕಪ್ಪಕಾಣಿಕೆಗಳೊಡನೆ ಕುದುರೆಯನ್ನು ಒಪ್ಪಿಸಲು ಹೋಗಿ ಕಾಲಿಗೆ ಬೀಳುತ್ತಾನೆ. ಅರ್ಜುನ ಅವನನ್ನು ಮಗನೆಂದು ಒಪ್ಪದೆ, ಅವಮಾನಿಸಿ ಒದೆಯುತ್ತಾನೆ. ವೇಷ ಕಟ್ಟುವವನ ಕೈಗುಣ ಗೊತ್ತಾಗುವುದು ಈ ಜಾಗದಲ್ಲಿಯೇ. ಹಣೆ ನೆಲಕ್ಕೆ ತಾಗುವಂತೆ ಬಗ್ಗಬೇಕು, ಒದೆ ತಿಂದವನಂತೆ ಹಿಂದಕ್ಕೆ ಉರುಳಬೇಕು, ಮರುಕ್ಷಣ ಮೊಣಕಾಲಿನ ಮೇಲೆ ಎದ್ದು ಚಂಡೆಯ ಪೆಟ್ಟಿಗೆ ಸುತ್ತು ಹಾಕಬೇಕು. ಸಿದ್ಧ ಮುಂದಲೆಯಾಗಿದ್ದರೆ ಕಿವಿಯ ಮೇಲೆ ಬಂದು ಕೂರುತ್ತಿತ್ತು. ಮಗಳ ತಲೆಯ ಕಟ್ಟು ಒಂದು ನೂಲಿನಷ್ಟೂ ಜಾರಲಿಲ್ಲ, ಭುಜಕೀರ್ತಿ ತಿರುಗಲಿಲ್ಲ, ಎದ್ದಾಗ ಕಸೆಯ ಚೌಕುಳಿ ಅಂಚು ಮೊದಲು ಇದ್ದಲ್ಲಿಯೇ ಇತ್ತು.

ಅರ್ಜುನನಾಗಿದ್ದವನು ಒಂಬತ್ತನೆಯ ತರಗತಿಯ ಹುಡುಗ, ಅವಳಿಗಿಂತ ಎರಡು ಅಂಗುಲ ಗಿಡ್ಡ. ಅವನು "ನೀನು ನನ್ನ ಮಗನಲ್ಲ" ಎಂದು ಗದರಿದಾಗ ಸಭೆಯಲ್ಲಿ ಎರಡನೆಯ ಸಾಲಿನಲ್ಲಿ ಕುಳಿತಿದ್ದ ನನಗೆ ಕುರ್ಚಿಯಲ್ಲಿ ಕೂರಲು ಕಷ್ಟವಾಯಿತು, ಅದು ನನ್ನ ದೌರ್ಬಲ್ಯ. ಶಾಲೆಯ ಆಟಗಳಲ್ಲಿ ಅರ್ಥವನ್ನು ಗುರುಗಳು ಬರೆದುಕೊಡುತ್ತಾರೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ. ಎರಡು ತಿಂಗಳು ನಮ್ಮ ಮನೆಯ ಜಗಲಿಯಲ್ಲಿ ನಡೆದ ಅಭ್ಯಾಸದಿಂದ ಅವಳ ಅರ್ಥ ನನಗೂ ಬಾಯಿಗೆ ಬಂದಿತ್ತು. ಉರುಳಿದವಳು ಎದ್ದು, ಭಾಗವತರ ಕಡೆಗೊಮ್ಮೆ ನೋಡಿ, ಬರೆದುಕೊಟ್ಟದ್ದರಲ್ಲಿ ಇಲ್ಲದ ಒಂದು ಮಾತು ಹೇಳಿದಳು: "ತಂದೆಯೆಂದು ಬಂದವನನ್ನು ಒದೆಯಬಹುದು, ತಾಯಿಯ ಮಾತನ್ನು ಒದೆಯಲಾಗದು." ಮದ್ದಳೆಯವರು ತಲೆಯೆತ್ತಿ ನೋಡಿದರು. ಹುಡುಗ ಒಂದು ಕ್ಷಣ ತಬ್ಬಿಬ್ಬಾಗಿ ತನ್ನ ಪಾಠಕ್ಕೆ ಮರಳಿದ. ಆಮೇಲೆ ಚೌಕಿಯಲ್ಲಿ, ಆ ಮಾತು ಎಲ್ಲಿಂದ ಬಂತು ಎಂದು ಕೇಳಿದೆ. ತೆಂಗಿನೆಣ್ಣೆ ಬಳಿದ ಮುಖವನ್ನು ಬೈರಾಸಿನಲ್ಲಿ ಒರೆಸಿಕೊಳ್ಳುತ್ತ "ಬಂತಪ್ಪಾ" ಎಂದಳು. ನನಗೆ ಅದಕ್ಕಿಂತ ಹೆಚ್ಚಿನ ವಿವರ ಸಿಗಲಿಲ್ಲ. ಯಜಮಾನರು ಹಣೆಯ ಮೇಲಿನ ಪಟ್ಟಿಯ ಗುರುತನ್ನು ಹೆಬ್ಬೆರಳಿನಲ್ಲಿ ತಿಕ್ಕುತ್ತ, ತಲೆ ನೋಯುತ್ತದೆಯೇ ಎಂದು ಮಾತ್ರ ಕೇಳಿದರು.

ಕೊರತೆಗಳು ಕಡಿಮೆಯೇನಲ್ಲ. ಎಲ್ಲಕ್ಕಿಂತ ದೊಡ್ಡದು ಸಮಯದ್ದು. ಮೂರು ವರ್ಷಗಳಲ್ಲಿ ಎರಡು ಸಲ ಅವರ ವ್ಯಾನು ಹೇಳಿದ ಹೊತ್ತಿಗಿಂತ ತಡವಾಗಿ ಬಂದಿದೆ. 2024ರಲ್ಲಿ 50 ನಿಮಿಷ ತಡವಾದದ್ದರಿಂದ ಒಡ್ಡೋಲಗದ (ಪಾತ್ರಗಳು ಮೊದಲು ರಂಗಕ್ಕೆ ಬರುವ ಕುಣಿತದ) ಒಂದು ಭಾಗವನ್ನೇ ಬಿಡಬೇಕಾಯಿತು, ಅದಕ್ಕಾಗಿ ಆರು ತಿಂಗಳು ಕುಣಿದು ಅಭ್ಯಾಸ ಮಾಡಿದ್ದ ಎಂಟನೆಯ ತರಗತಿಯ ಎರಡು ಮಕ್ಕಳು ಚೌಕಿಯಲ್ಲೇ ಉಳಿದರು. ಅದೇ ದಿನ ಬೇರೆ ಶಾಲೆಯ ಆಟವನ್ನೂ ಒಪ್ಪಿಕೊಂಡಿದ್ದರೆಂದು ಆಮೇಲೆ ತಿಳಿಯಿತು. ಒಂದು ದಿನಕ್ಕೆ ಒಂದೇ ಆಟ ಎಂದು ಬರೆಸಿಕೊಳ್ಳದೆ ಮುಂಗಡ ಕೊಡಬಾರದು. ಹೆಣ್ಣುಮಕ್ಕಳಿಗೆ ಕಟ್ಟಲು ಆ ಅಮ್ಮ ಒಬ್ಬರೇ. ಆರಕ್ಕಿಂತ ಹೆಚ್ಚು ಹುಡುಗಿಯರಿದ್ದರೆ ಮಧ್ಯಾಹ್ನ ಎರಡಕ್ಕೇ ಆರಂಭಿಸಬೇಕು, ಆಗ ಮೊದಲು ಕಟ್ಟಿಸಿಕೊಂಡವರು ಬಹಳ ಹೊತ್ತು ಕಾಯಬೇಕಾಗುತ್ತದೆ. ಎರಡು ಜೊತೆ ಗೆಜ್ಜೆಗಳ ಚರ್ಮ ಹಳತಾಗಿ ಬಿರಿದಿದೆ, ಕಾಲ್ಚೀಲದ ಮೇಲೆ ಕಟ್ಟಿದರೂ ಗೀರುತ್ತದೆ. ದಗಲೆಗಳನ್ನು ಒಗೆಯುವಂತಿಲ್ಲ, ಬಿಸಿಲಿಗೆ ಹಾಕುತ್ತಾರೆ. ಬೆವರು ಮತ್ತು ಒಲೆಯ ಹೊಗೆ ಸೇರಿದ ವಾಸನೆ ಮೊದಲ ಸಲ ತೊಡುವ ಮಗುವಿಗೆ ಹೊಟ್ಟೆ ತೊಳಸುವಂತಿರುತ್ತದೆ. ಒಳಗೆ ತೊಡಲು ಮನೆಯಿಂದ ಎರಡು ಹತ್ತಿ ಬನಿಯನ್ ಒಯ್ಯುವುದು ಒಳ್ಳೆಯದು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಫೋನು ಎತ್ತುವುದಿಲ್ಲ, ಎತ್ತಿದರೂ ಆ ಭಾಗದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ.

ಅಚ್ಚು ಹಾಕಿದ ರಸೀದಿ ಕೊಡುವುದಿಲ್ಲ ಎಂಬುದು ನನ್ನಂಥವನಿಗೆ ಕಿರಿಕಿರಿಯ ಸಂಗತಿ. ಸಾದಾ ಕಾಗದದ ಮೇಲೆ ಬರೆದು ಸಹಿ ಮಾಡಿ ಕೊಡುತ್ತಾರೆ. ಶಾಲೆಯ ಲೆಕ್ಕಪತ್ರಕ್ಕೆ ಅದನ್ನು ಒಪ್ಪಿಸಲು ಪ್ರತಿವರ್ಷ ಮುಖ್ಯೋಪಾಧ್ಯಾಯರ ಬಳಿ ಅರ್ಧ ಗಂಟೆ ವಾದಿಸಿದ್ದೇನೆ. ನಾವು ಕೊಟ್ಟ ದರ 2023ರಲ್ಲಿ ವೇಷಕ್ಕೆ 900 ರೂಪಾಯಿ, ಮರುವರ್ಷ 1,000, ಕಳೆದ ವರ್ಷ 1,200. ಇದರಲ್ಲಿ ಬಣ್ಣ ಮತ್ತು ಕಟ್ಟುವವರ ಸಂಬಳ ಸೇರಿದೆ, ವ್ಯಾನಿನ ಬಾಡಿಗೆ ಬೇರೆ. 5,000 ರೂಪಾಯಿ ಠೇವಣಿ ಇಡಬೇಕು, ಹಾನಿಯಿಲ್ಲದಿದ್ದರೆ ವಾಪಸು ಬರುತ್ತದೆ, ಬರಲು ಒಂದು ತಿಂಗಳು ಹಿಡಿಯುತ್ತದೆ. ನಮ್ಮ ಹಿಂದಿನ ತಂಡಕ್ಕೆ ಕೊಟ್ಟದ್ದಕ್ಕಿಂತ ಇದು ಹೆಚ್ಚೇ. ಆದರೆ ಆ ತಂಡದವರು ವೇಷವನ್ನು ಬಾಡಿಗೆಗೆ ಕೊಟ್ಟಿದ್ದರು, ಇವರು ಕಟ್ಟಿ ಕೊಡುತ್ತಾರೆ. ವ್ಯತ್ಯಾಸದ ಹಣ ಹೋಗುವುದು ಆ ಕಟ್ಟುವ ಕೈಗಳಿಗೆ.

ಮಗುವಿಗೆ ಆಸಕ್ತಿ ಇದೆಯೆಂದು ಸ್ವಂತ ವೇಷ ಮಾಡಿಸಬಹುದೇ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ನಾನೂ 2024ರಲ್ಲಿ ಹೆಮ್ಮೆಯ ಅಮಲಿನಲ್ಲಿ ಅದನ್ನೇ ಯೋಚಿಸಿ ಯಜಮಾನರ ಬಳಿ ಹೋಗಿದ್ದೆ. ಅವರು ಪುಸ್ತಕ ತೆರೆದು ಒಂದು ವರ್ಷದಲ್ಲಿ ಮೂರೂವರೆ ಅಂಗುಲ ಬೆಳೆದದ್ದನ್ನು ತೋರಿಸಿ, "ಯಾವ ಅಳತಿಗ್ ಮಾಡ್ಕ್ ಹೇಳಿ" ಎಂದು ಕೇಳಿದರು. ಕೊನೆಗೆ ಗೆಜ್ಜೆ ಮಾತ್ರ ಮಾಡಿಸಿದೆ. ಪಟ್ಟಿಯ ಉದ್ದ ಹೆಚ್ಚಿಸಿಕೊಂಡು ಹೋಗಬಹುದಾದ್ದರಿಂದ ಅದೊಂದು ನಷ್ಟವಲ್ಲ. ವ್ಯಾಪಾರ ಕೈಗೆ ಬಂದಾಗ ಬೇಡವೆಂದವರನ್ನು ನಾನು ನನ್ನ ಉದ್ಯೋಗದಲ್ಲಿ ಹೆಚ್ಚು ಕಂಡಿಲ್ಲ.

ಜನವರಿಯಲ್ಲಿ ಠೇವಣಿಯ ಹಣ ತರಲು ಹೋಗಬೇಕಾಗಿತ್ತು. ನನಗೆ ಸಂಘದ ಮಹಾಸಭೆಯ ಗಡಿಬಿಡಿ, ಹಾಗಾಗಿ ಮಗಳು ಗೆಳತಿಯೊಬ್ಬಳನ್ನು ಕರೆದುಕೊಂಡು ಬಸ್ಸಿನಲ್ಲಿ ಹೋಗಿ ಬರುತ್ತೇನೆಂದಳು. ಅವಳಿಗೆ ಇದೇ ಕೊನೆಯ ವರ್ಷ, ಮಾರ್ಚಿನಲ್ಲಿ ಹತ್ತನೆಯ ತರಗತಿಯ ಪರೀಕ್ಷೆ, ಆಮೇಲೆ ಕಾಲೇಜು. ವೇಷದ ಮನೆಯ ಸಂಪರ್ಕ ಅಲ್ಲಿಗೆ ಮುಗಿಯಿತೆಂದು ನಾನು ಭಾವಿಸಿದ್ದೆ. ಸಂಜೆ ಬಂದವಳು ನನ್ನ ಮುಂದೆ 4,000 ರೂಪಾಯಿ ಇಟ್ಟಳು. ಉಳಿದ 1,000 ಎಲ್ಲಿ ಎಂದದ್ದಕ್ಕೆ ಒಂದು ಕಾಗದ ಕೊಟ್ಟಳು. ಶಾಲೆಯಿಂದ ಹೊರಬೀಳುವ ಐವರು ಹುಡುಗಿಯರು ಸೇರಿ ಬರುವ ಡಿಸೆಂಬರಿನಲ್ಲಿ ಊರಿನ ಭಜನಾಮಂದಿರದ ಎದುರು ಒಂದು ಆಟ ಮಾಡುವುದೆಂದು ನಿಶ್ಚಯಿಸಿದ್ದಾರೆ, ಆ ಹಣ ಮುಂಗಡವಾಗಿ ಹೋಗಿದೆ. ಅದು ಶಾಲೆಯ ಹಣವೆಂದೂ, ನಾನು ನನ್ನ ಜೇಬಿನಿಂದ ತುಂಬಬೇಕಾಗುತ್ತದೆಂದೂ ಗದರಿದೆ. ರಜೆಯಲ್ಲಿ ಚಿಕ್ಕ ಮಕ್ಕಳಿಗೆ ಹೆಜ್ಜೆ ಹೇಳಿಕೊಟ್ಟು ತೀರಿಸುತ್ತೇನೆ ಎಂದಳು. ಸಾದಾ ಕಾಗದದ ಅದೇ ರಸೀದಿ, ಅದೇ ಓರೆ ಅಕ್ಷರ. "ಒಂದು ದಿನಕ್ಕೆ ಒಂದೇ ಆಟ" ಎಂದು ಅವಳು ಬರೆಸಿಕೊಂಡಿದ್ದಳು. ಮೇಲೆ ಬರೆದಿದ್ದುದು ಅವಳ ಹೆಸರು. ನನ್ನ ಉಲ್ಲೇಖ ಕೆಳಗೆ, ಸಾಗಾಟದ ಸಾಲಿನಲ್ಲಿತ್ತು: "ಟ್ರಂಕು ಒಯ್ಯಲು ಮೆನೇಜ್ರು ಬರುತ್ತಾರೆ."